ಜಪಾನ್‌ಗೆ ಅನಿಮೆ ಪ್ರವಾಸ: ಫಾರ್ವರ್ಡ್ ಮೆಸೇಜ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

"ಶಿಂಚಾನ್ ಎಂಬ ಹುಡುಗ ನಿಜವಾಗಿಯೂ ಇದ್ದ, ತಂಗಿಯನ್ನು ಉಳಿಸಲು ಹೋಗಿ ಸತ್ತ." "ಜಪಾನ್‌ಗೆ ಹೋಗಲು ಭಾರತೀಯರಿಗೆ ಇನ್ನು ವೀಸಾ ಬೇಡ." "ಮಾಂಗಾ ಪುಸ್ತಕ ಹೇಳಿದ ಸುನಾಮಿ ಬಂದೇ ಬಿಟ್ಟಿತು, ಪ್ರವಾಸ ರದ್ದು ಮಾಡಿ."

ಈ ಮೂರರಲ್ಲಿ ಒಂದಾದರೂ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದಿರಬಹುದು. ಮೂರೂ ಸುಳ್ಳು.

ಕಾರ್ಟೂನ್ ವಿಷಯ ತಾನೇ, ಬಿಡಿ ಎನ್ನುವಂತಿಲ್ಲ. ಬಳಗಾನೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಮಕ್ಕಳೂ ಡೊರೆಮಾನ್, ಶಿಂಚಾನ್ ನೋಡಿಕೊಂಡೇ ಬೆಳೆದವರು. ಅವರೇ ಈಗ ಮೊಬೈಲಿನಲ್ಲಿ ನರುಟೊ, ಒನ್ ಪೀಸ್, ಡೀಮನ್ ಸ್ಲೇಯರ್ ನೋಡುತ್ತಾರೆ. ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹಿಡಿದವರಿಗೆ "ಒಮ್ಮೆ ಜಪಾನ್ ನೋಡಿ ಬರಬೇಕು" ಎಂಬ ಆಸೆ ಸಹಜ. ಆದರೆ ವಿಮಾನ, ವಸತಿ, ಊಟ ಎಲ್ಲ ಸೇರಿದರೆ ಒಬ್ಬರಿಗೇ ಲಕ್ಷ ದಾಟುವ ಖರ್ಚು. ಭತ್ತ ಬೆಳೆಯುವ ಮನೆಗೆ ಇದು ಸಣ್ಣ ಮೊತ್ತವಲ್ಲ. ತಪ್ಪು ಮೆಸೇಜ್ ನಂಬಿದರೆ ಹಣ ಹೋಗಬಹುದು, ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡೋಣ.

ಕಥೆಯ ಜಾಗಕ್ಕೆ ಯಾತ್ರೆ: ನಮಗೆ ಹೊಸದೇ?

ಮಾಂಗಾ ಎಂದರೆ ಜಪಾನಿನ ಚಿತ್ರಕಥೆ ಪುಸ್ತಕ. ಅನಿಮೆ ಎಂದರೆ ಅಲ್ಲಿನ ಆನಿಮೇಷನ್ ಸಿನಿಮಾ, ಧಾರಾವಾಹಿ. ಈ ಕಥೆಗಳಲ್ಲಿ ಕಾಣುವ ಊರು, ಮೆಟ್ಟಿಲು, ರೈಲ್ವೆ ಗೇಟುಗಳನ್ನು ಹುಡುಕಿಕೊಂಡು ಹೋಗುವುದನ್ನು ಜಪಾನಿನಲ್ಲಿ 'ಸೇಚಿ ಜುನ್ರೆ' ಎನ್ನುತ್ತಾರೆ. ಪುಣ್ಯಸ್ಥಳಗಳ ಯಾತ್ರೆ ಎಂದು ಅದರ ಅರ್ಥ. 2016ರಲ್ಲಿ ಶುರುವಾದ ಅನಿಮೆ ಟೂರಿಸಂ ಅಸೋಸಿಯೇಷನ್ ಇಂಥ 88 ಜಾಗಗಳ ಪಟ್ಟಿ ಪ್ರಕಟಿಸುತ್ತದೆ. ಶಿಕೊಕು ದ್ವೀಪದಲ್ಲಿ 88 ಬೌದ್ಧ ದೇವಾಲಯಗಳ ಹಳೆಯ ಯಾತ್ರೆ ಇದೆ, ಆ ಸಂಖ್ಯೆಯನ್ನೇ ಇಲ್ಲಿಗೂ ತೆಗೆದುಕೊಂಡಿದ್ದಾರೆ.

ಕಥೆಯ ಜಾಗ ನೋಡಲು ಹೋಗುವುದು ನಮಗೂ ಗೊತ್ತಿರುವ ಸಂಗತಿಯೇ. ನಮ್ಮ ಸುತ್ತಲಿನ ಮೂರು ಉದಾಹರಣೆ ಇಟ್ಟುಕೊಂಡರೆ ಅನಿಮೆ ಜಾಗಗಳನ್ನು ವಿಂಗಡಿಸುವುದು ಸುಲಭ.

ಒಂದು, ದಾಖಲೆಯ ಜಾಗ. ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರೇ ಕೆತ್ತಿದೆ. 1915ರಲ್ಲಿ ಆ ಶಾಸನ ಸಿಕ್ಕಿದ ಮೇಲೆಯೇ, ಬೇರೆ ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂಬುದು ಗಟ್ಟಿಯಾಯಿತು. ಹೋಗಿ ಓದಿ ಪರೀಕ್ಷಿಸಬಹುದಾದ ಸಾಕ್ಷಿ ಅದು.

ಎರಡು, ನಂಬಿಕೆಯ ಜಾಗ. ಗಂಗಾವತಿ ದಾಟಿ ಆನೆಗೊಂದಿ ಕಡೆ ಹೋದರೆ ಅಂಜನಾದ್ರಿ ಬೆಟ್ಟ ಸಿಗುತ್ತದೆ. ಹನುಮ ಹುಟ್ಟಿದ್ದು ಅಲ್ಲಿ ಎಂದು ಜನ ನಂಬುತ್ತಾರೆ. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನ, ಹನುಮ ಹುಟ್ಟಿದ್ದು ತಿರುಮಲದ ಅಂಜನಾದ್ರಿಯಲ್ಲಿ ಎಂದಾಗ ದೊಡ್ಡ ಚರ್ಚೆಯೇ ಆಯಿತು. ಭಕ್ತಿಯಿಂದ ಬೆಟ್ಟ ಹತ್ತುವವರಿಗೆ ಪುರಾವೆ ಬೇಕಿಲ್ಲ. ಆದರೆ ನಂಬಿಕೆ ಬೇರೆ, ದಾಖಲೆ ಬೇರೆ.

ಮೂರು, ಕಲ್ಪನೆಯ ಜಾಗ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಶಂಕರ್‌ನಾಗ್ ಧಾರಾವಾಹಿ ಮಾಡುವಾಗ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಕೂಡ ಇದೆ. ಊರು ಕಲ್ಪನೆ, ಆದರೆ ಅದಕ್ಕೆ ಮುಖ ಕೊಟ್ಟ ಜಾಗ ನಿಜ.

ಅನಿಮೆ ಬಗ್ಗೆ ಯಾವುದೇ ಫಾರ್ವರ್ಡ್ ಬಂದರೂ ಇದು ಈ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಜಪಾನಿನ ರಾಮಾಯಣ ಭಾರತದಲ್ಲಿ ನಿಷೇಧವಾಗಿತ್ತೇ?

ಕಿಷ್ಕಿಂಧೆಯ ಮಾತು ಬಂದದ್ದರಿಂದ ಇದನ್ನೂ ನೋಡಿಬಿಡೋಣ. ಯುಗೊ ಸಾಕೊ ಎಂಬ ಜಪಾನಿ ನಿರ್ದೇಶಕರು ಭಾರತದ ರಾಮ್ ಮೋಹನ್ ಅವರ ಜೊತೆ ಸೇರಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಎಂಬ ಅನಿಮೆ ಸಿನಿಮಾ ಮಾಡಿದರು. ವಾಲಿ, ಸುಗ್ರೀವ, ಹನುಮ ಎಲ್ಲರೂ ಅದರಲ್ಲಿದ್ದಾರೆ. ಅದನ್ನು ಭಾರತದಲ್ಲಿ ನಿಷೇಧಿಸಲಾಗಿತ್ತು ಎಂಬ ಮೆಸೇಜ್ ಆಗಾಗ ಓಡಾಡುತ್ತದೆ.

ವಿದೇಶಿಯರು ರಾಮಾಯಣ ತೆಗೆಯಬಾರದು ಎಂದು 1980ರ ದಶಕದಲ್ಲಿ ಆಕ್ಷೇಪ ಬಂದದ್ದು ನಿಜ. ಆದರೆ 1993ರ ಜನವರಿಯಲ್ಲಿ ಸರ್ಕಾರವೇ ನಡೆಸಿದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಈ ಸಿನಿಮಾ ಪ್ರದರ್ಶನವಾಯಿತು. ಮುಂದೆ ಹಿಂದಿಗೆ ಡಬ್ ಆಗಿ ಟಿವಿಯಲ್ಲೂ ಬಂತು. ನಿಷೇಧವಾದ ಚಿತ್ರ ಹೀಗೆ ಟಿವಿಗೆ ಬರುವುದಿಲ್ಲ. ಅಂದು ಚಿತ್ರಮಂದಿರಗಳಲ್ಲಿ ದೊಡ್ಡ ಬಿಡುಗಡೆ ಸಿಗಲಿಲ್ಲ, ಅಷ್ಟೆ. ಅದು ಸಿಕ್ಕಿದ್ದು 2025ರ ಜನವರಿ 24ರಂದು.

ಶಿಂಚಾನ್ ನಿಜವಾದ ಹುಡುಗನೇ?

ಮೆಸೇಜ್ ಹೇಳುವುದು ಇಷ್ಟು: ಶಿಂಚಾನ್, ಹಿಮಾವರಿ ಇಬ್ಬರೂ ಅಪಘಾತದಲ್ಲಿ ಸತ್ತರು, ದುಃಖ ತಾಳಲಾರದೆ ತಾಯಿ ಅವರ ಚಿತ್ರ ಬರೆದಳು, ಅದೇ ಕಾರ್ಟೂನ್ ಆಯಿತು.

ಇದು ಕಟ್ಟುಕಥೆ. ಶಿಂಚಾನ್ ಮಾಂಗಾ ಬರೆದವರು ಯೊಶಿತೊ ಉಸುಯಿ ಎಂಬ ಕಲಾವಿದರು. 1990ರಲ್ಲಿ ಪತ್ರಿಕೆಯೊಂದರಲ್ಲಿ ಶುರುವಾಯಿತು, 1992ರಲ್ಲಿ ಟಿವಿಗೆ ಬಂತು. ತಂಗಿ ಹಿಮಾವರಿ ಕಥೆಯಲ್ಲಿ ಹುಟ್ಟಿದ್ದೇ 1996ರಲ್ಲಿ. ಮಕ್ಕಳಿಬ್ಬರೂ ಸತ್ತ ಮೇಲೆ ಬರೆದ ಕಥೆಯಾಗಿದ್ದರೆ ಆರು ವರ್ಷ ತಂಗಿಯೇ ಇಲ್ಲದೆ ಕಥೆ ನಡೆದದ್ದು ಹೇಗೆ? ಅಪಘಾತದಲ್ಲಿ ತೀರಿಕೊಂಡವರು ಉಸುಯಿ ಅವರೇ. 2009ರ ಸೆಪ್ಟೆಂಬರಿನಲ್ಲಿ ಅರಾಫುನೆ ಬೆಟ್ಟದಿಂದ ಬಿದ್ದು ಅವರು ಮೃತಪಟ್ಟರು. ಆ ನಂತರ ಅವರ ಸಹಾಯಕರು ಕಥೆ ಮುಂದುವರಿಸಿದರು.

ಆದರೆ ಶಿಂಚಾನ್‌ನ ಊರು ಕಾಸುಕಾಬೆ ನಿಜವಾದ ಊರು. ಟೋಕಿಯೊ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿದೆ. ಅಲ್ಲಿಗೆ ಹೋಗಿ ಬರಬಹುದು. ಡೊರೆಮಾನ್ ಇಷ್ಟಪಡುವವರಿಗೆ ಕಾವಾಸಾಕಿ ನಗರದಲ್ಲಿ ಫುಜಿಕೊ ಎಫ್. ಫುಜಿಯೊ ಮ್ಯೂಸಿಯಂ ಇದೆ. 2011ರಲ್ಲಿ ಆರಂಭವಾದ ಇದಕ್ಕೆ ಮೊದಲೇ ದಿನ, ಹೊತ್ತು ಗೊತ್ತುಮಾಡಿ ಟಿಕೆಟ್ ತೆಗೆದುಕೊಳ್ಳಬೇಕು.

"ಸ್ಪಿರಿಟೆಡ್ ಅವೇ ಸಿನಿಮಾದ ಊರು ಇದೇ!"

ಕೆಂಪು ಲಾಟೀನು ತೂಗಿಬಿಟ್ಟ ಬೆಟ್ಟದ ಬೀದಿಯ ಫೋಟೊ ನೀವೂ ನೋಡಿರಬಹುದು. ಹಯಾವೊ ಮಿಯಾಝಾಕಿ ಅವರ 2001ರ ಸಿನಿಮಾ 'ಸ್ಪಿರಿಟೆಡ್ ಅವೇ'ಗೆ ಇದೇ ಮೂಲ ಎಂದು ಬರೆದಿರುತ್ತದೆ. ಆ ಜಾಗ ಜ್ಯೂಫೆನ್. ಅದು ಜಪಾನಿನಲ್ಲೇ ಇಲ್ಲ, ತೈವಾನಿನಲ್ಲಿದೆ. ಅದು ತಮ್ಮ ಸಿನಿಮಾದ ಮಾದರಿ ಅಲ್ಲ ಎಂದು ಮಿಯಾಝಾಕಿ ಅವರೇ ತೈವಾನಿನ ಟಿವಿ ಸಂದರ್ಶನದಲ್ಲಿ ಹೇಳಿದ್ದಾರೆ. ಇದನ್ನು ನಂಬಿ ಜಪಾನ್ ಪ್ರವಾಸಕ್ಕೆ ತೈವಾನ್ ಸೇರಿಸಿದರೆ ಇನ್ನೊಂದು ದೇಶದ ಪ್ರವೇಶ ನಿಯಮ, ಇನ್ನೊಂದು ವಿಮಾನ ಟಿಕೆಟ್ ತಲೆಗೆ ಬರುತ್ತದೆ.

ನಿಜಕ್ಕೂ ಸಂಬಂಧ ಇರುವ ಜಾಗ ಟೋಕಿಯೊದಲ್ಲೇ ಇದೆ. ಕೊಗಾನೆಯಿಯಲ್ಲಿ ಹಳೆಯ ಮನೆ, ಅಂಗಡಿಗಳನ್ನು ತಂದು ನಿಲ್ಲಿಸಿದ ಬಯಲು ಮ್ಯೂಸಿಯಂ ಒಂದಿದೆ. ಅಲ್ಲಿನ ಹಳೆಯ ಸ್ಟೇಷನರಿ ಅಂಗಡಿಯ ಗೋಡೆ ತುಂಬಾ ಸಣ್ಣ ಸಣ್ಣ ಡ್ರಾಯರುಗಳಿವೆ. ಸಿನಿಮಾದ ಬಾಯ್ಲರ್ ಕೋಣೆಯ ಡ್ರಾಯರುಗಳಿಗೆ ಅದೇ ಸ್ಫೂರ್ತಿ.

ಒಂದೇ ಸಿನಿಮಾದಲ್ಲಿ ನಿಜ, ಕಲ್ಪನೆ ಬೆರೆಯುವುದೂ ಉಂಟು. 2016ರ 'ಯುವರ್ ನೇಮ್'ನಲ್ಲಿ ಬರುವ ಮೆಟ್ಟಿಲುಗಳು ಟೋಕಿಯೊದ ಸುಗಾ ದೇಗುಲದ ಬಳಿ ಇವೆ. ಹಿದಾ ಫುರುಕಾವಾ ರೈಲು ನಿಲ್ದಾಣವೂ ನಿಜ. ಆದರೆ ನಾಯಕಿಯ ಊರು ಇಟೊಮೊರಿ, ಮಾಲ್ಗುಡಿಯ ಹಾಗೆ, ನಕ್ಷೆಯಲ್ಲಿಲ್ಲ.

ಹಳೆಯ ವಿಡಿಯೊ ಬಗ್ಗೆಯೂ ಎಚ್ಚರ. ಯೊಕೊಹಾಮಾದಲ್ಲಿ ಕೈಕಾಲು ಆಡಿಸುತ್ತಿದ್ದ ದೈತ್ಯ ಗುಂಡಮ್ ರೋಬೋ ವಿಡಿಯೊ ಈಗಲೂ ಹಂಚಿಕೆಯಾಗುತ್ತದೆ. ಆ ಪ್ರದರ್ಶನ 2024ರ ಮಾರ್ಚ್ 31ಕ್ಕೇ ಮುಗಿದಿದೆ.

ಮಾಂಗಾ ಹೇಳಿದ ಭವಿಷ್ಯ ನಿಜವಾಯಿತೇ?

ಇದು ಎಲ್ಲಕ್ಕಿಂತ ಹೆಚ್ಚು ಜನರನ್ನು ಹೆದರಿಸಿದ ಫಾರ್ವರ್ಡ್. ರ್ಯೋ ತಾತ್ಸುಕಿ ಎಂಬ ಲೇಖಕಿ ತಮ್ಮ ಕನಸುಗಳನ್ನು ಆಧರಿಸಿ ಬರೆದ ಮಾಂಗಾ 1999ರಲ್ಲಿ ಬಂತು. ಅದರ ಮುಖಪುಟದಲ್ಲಿ 2011ರ ಮಾರ್ಚ್‌ನಲ್ಲಿ ದೊಡ್ಡ ಅನಾಹುತ ಎಂಬ ಮಾತಿತ್ತು. 2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ, ಸುನಾಮಿ ಬಂದಾಗ ಪುಸ್ತಕ ಪ್ರಸಿದ್ಧವಾಯಿತು. 2021ರ ಹೊಸ ಆವೃತ್ತಿಯಲ್ಲಿ 2025ರ ಜುಲೈನಲ್ಲಿ ಇನ್ನೂ ದೊಡ್ಡ ಅನಾಹುತ ಎಂಬ ಮಾತು ಸೇರಿತು. ಜುಲೈ 5, ಬೆಳಗಿನ ಜಾವ 4 ಗಂಟೆ 18 ನಿಮಿಷ ಎಂದು ಜನ ಲೆಕ್ಕ ಹಿಡಿದರು. ನಮ್ಮ ಮಾಧ್ಯಮಗಳಲ್ಲಿ ಲೇಖಕಿಗೆ 'ಜಪಾನಿನ ಬಾಬಾ ವಂಗಾ' ಎಂಬ ಹೆಸರೂ ಬಿತ್ತು.

ಪರಿಣಾಮ ಸಣ್ಣದಲ್ಲ. ಹಾಂಗ್‌ಕಾಂಗ್‌ನಿಂದ ಪ್ರವಾಸಿಗರು ಕಡಿಮೆಯಾದರು, ಅಲ್ಲಿನ ವಿಮಾನ ಕಂಪನಿಗಳು ಜಪಾನಿನ ಕೆಲವು ಊರುಗಳಿಗೆ ವಿಮಾನ ಕಡಿತ ಮಾಡಿದವು. ಜಪಾನ್ ಹವಾಮಾನ ಸಂಸ್ಥೆಯ ಮುಖ್ಯಸ್ಥರೇ ಜೂನ್‌ನಲ್ಲಿ ಮುಂದೆ ಬಂದು ಇದು ಸುಳ್ಳು, ನಂಬಬೇಡಿ ಎಂದರು. ಅದೇ ಹೊತ್ತಿಗೆ ದಕ್ಷಿಣದ ತೊಕಾರಾ ದ್ವೀಪಗಳ ಬಳಿ ಸಾವಿರಕ್ಕೂ ಹೆಚ್ಚು ಕಂಪನಗಳಾದವು. ಭಯ ಇನ್ನೂ ಹೆಚ್ಚಿತು. ಆದರೆ ಆ ದ್ವೀಪಗಳಲ್ಲಿ ಹಿಂದೆಯೂ ಹೀಗೆ ಸರಣಿ ಕಂಪನಗಳಾಗಿವೆ.

ಜುಲೈ 5 ಬಂತು, ಹೋಯಿತು. ಹೇಳಿದ ಅನಾಹುತ ಆಗಲಿಲ್ಲ.

ಜುಲೈ 30ರಂದು ರಷ್ಯಾದ ಕಮ್ಚಾಟ್ಕಾ ಬಳಿ 8.8 ತೀವ್ರತೆಯ ಭೂಕಂಪವಾಯಿತು. ಜಪಾನ್ ಕರಾವಳಿಯಲ್ಲೂ ಸುನಾಮಿ ಎಚ್ಚರಿಕೆ ಕೊಟ್ಟರು. ಕೂಡಲೇ "ನೋಡಿದಿರಾ, ನಿಜವಾಯಿತು" ಎಂಬ ಮೆಸೇಜ್ ಶುರು. ಹೋಲಿಸಿ ನೋಡಿ. ಪುಸ್ತಕದ ಕನಸಿನಲ್ಲಿ ಅನಾಹುತದ ಜಾಗ ಜಪಾನ್ ಮತ್ತು ಫಿಲಿಪ್ಪೀನ್ಸ್ ನಡುವಿನ ಸಮುದ್ರ, ಅಂದರೆ ದಕ್ಷಿಣ. ಕಮ್ಚಾಟ್ಕಾ ಇರುವುದು ಉತ್ತರದಲ್ಲಿ. ಕನಸಿನ ಅಲೆ 2011ರ ಅಲೆಯ ಮೂರು ಪಟ್ಟು. ಜಪಾನ್‌ಗೆ ಬಂದ ಅತಿ ಎತ್ತರದ ಅಲೆ ಸುಮಾರು 1.3 ಮೀಟರ್. ದಿನ ತಪ್ಪು, ದಿಕ್ಕು ತಪ್ಪು, ಗಾತ್ರ ತಪ್ಪು. ಉಳಿದದ್ದು 'ಜುಲೈ' ಎಂಬ ಪದ ಮಾತ್ರ.

ಹಾಗಾದರೆ 2011 ಹೊಂದಿಕೆಯಾದದ್ದು ಹೇಗೆ? ಜಗತ್ತಿನಲ್ಲಿ 6ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳಲ್ಲಿ ಸುಮಾರು ಐದರಲ್ಲಿ ಒಂದು ಜಪಾನ್ ಸುತ್ತಮುತ್ತ ಆಗುತ್ತದೆ. ಅಂಥ ದೇಶದಲ್ಲಿ ಯಾವ ಅನಾಹುತ, ಎಲ್ಲಿ ಎಂದು ಹೇಳದೆ ಬರಿ ತಿಂಗಳು, ವರ್ಷ ಬರೆದರೆ ಎಂದೋ ಒಮ್ಮೆ ಹೊಂದಿಕೆಯಾಗುತ್ತದೆ. ಹೊಂದಿಕೆಯಾದದ್ದು ನೆನಪಿನಲ್ಲಿ ಉಳಿಯುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ. ಗಿಣಿಶಾಸ್ತ್ರ ನಡೆಯುವುದೂ ಹೀಗೆಯೇ.

ಹಾಗಂತ ಜಪಾನಿನಲ್ಲಿ ಅಪಾಯವೇ ಇಲ್ಲವೇ?

ಇದೆ. ದಿನ, ಜಾಗ, ತೀವ್ರತೆ ಮೂರನ್ನೂ ಹೇಳಿ ಭೂಕಂಪವನ್ನು ಮುಂಚಿತವಾಗಿ ಊಹಿಸುವ ವಿಧಾನ ವಿಜ್ಞಾನದಲ್ಲಿ ಇನ್ನೂ ಇಲ್ಲ. ಸಂಭವನೀಯತೆಯನ್ನು ಮಾತ್ರ ಹೇಳಬಹುದು. ನಾನ್‌ಕಾಯ್ ಎಂಬ ಸಮುದ್ರ ಕಂದಕದಲ್ಲಿ ಮುಂದಿನ 30 ವರ್ಷಗಳಲ್ಲಿ ಭಾರಿ ಭೂಕಂಪ ಆಗುವ ಸಾಧ್ಯತೆ ಸುಮಾರು ಶೇ 80 ಎಂದು ಜಪಾನ್ ಸರ್ಕಾರದ ತಜ್ಞರ ಸಮಿತಿ 2025ರ ಜನವರಿಯಲ್ಲಿ ಹೇಳಿತ್ತು. ಇದಕ್ಕೂ ಮಾಂಗಾ ಭವಿಷ್ಯಕ್ಕೂ ವ್ಯತ್ಯಾಸವೇನು? ಈ ವರ್ಷ ತುಂಗಭದ್ರಾ ಡ್ಯಾಂ ತುಂಬುವ ಸಾಧ್ಯತೆ ಹೆಚ್ಚು ಎನ್ನುವುದು ಒಂದು ಮಾತು. ಆಗಸ್ಟ್ 5ರ ಬೆಳಗ್ಗೆ 4 ಗಂಟೆ 18 ನಿಮಿಷಕ್ಕೆ ತುಂಬುತ್ತದೆ ಎನ್ನುವುದು ಇನ್ನೊಂದು ಮಾತು. ಮೊದಲನೆಯದು ಲೆಕ್ಕ, ಎರಡನೆಯದು ಗಾಳಿಮಾತು.

ಹೋಗುವವರು ಮಾಡಬೇಕಾದದ್ದು ಇಷ್ಟು. ಜಪಾನ್ ಪ್ರವಾಸೋದ್ಯಮ ಇಲಾಖೆಯ ಮೇಲ್ವಿಚಾರಣೆಯ 'ಸೇಫ್ಟಿ ಟಿಪ್ಸ್' ಆಪ್ ಮೊಬೈಲಿಗೆ ಹಾಕಿಕೊಳ್ಳಿ. ನೆಲ ನಡುಗಿದರೆ ಗಟ್ಟಿ ಮೇಜಿನ ಕೆಳಗೆ ತಲೆ ಕಾಪಾಡಿಕೊಳ್ಳಿ. ಸಮುದ್ರದ ಹತ್ತಿರ ಇದ್ದರೆ ಸೈರನ್‌ಗೆ ಕಾಯದೆ ಎತ್ತರಕ್ಕೆ ಹೋಗಿ. ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119.

ವೀಸಾ ಬೇಡವೇ?

ಬೇಕು. ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇರುವವರು ಪ್ರವಾಸಕ್ಕೆ ವೀಸಾ ಪಡೆದೇ ಜಪಾನ್‌ಗೆ ಹೋಗಬೇಕು. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಇ-ವೀಸಾ ಕೊಡಲು ಆರಂಭಿಸಿದರು. ಅದನ್ನೇ ಕೆಲವರು 'ವೀಸಾ ಬೇಡ' ಎಂದು ತಿರುಚಿದರು. ಇ-ವೀಸಾ ಎಂದರೆ ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಅಂಟಿಸುವ ಬದಲು ಆನ್‌ಲೈನಿನಲ್ಲಿ ಸಿಗುವ ವೀಸಾ. ಅರ್ಜಿ, ದಾಖಲೆ ಎಲ್ಲವೂ ಬೇಕು, ಅಧಿಕೃತ ವೀಸಾ ಅರ್ಜಿ ಕೇಂದ್ರದ ಮೂಲಕವೇ ಸಲ್ಲಿಸಬೇಕು. ವಿಮಾನ ನಿಲ್ದಾಣದಲ್ಲಿ ಅದನ್ನು ಇಂಟರ್‌ನೆಟ್ ಮೂಲಕ ಮೊಬೈಲಿನಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ನಡೆಯುವುದಿಲ್ಲ.

ಅದಕ್ಕೂ ಮೊದಲು ಪಾಸ್‌ಪೋರ್ಟ್ ಬೇಕಲ್ಲ. ವಯಸ್ಕರಿಗೆ 36 ಪುಟದ, 10 ವರ್ಷದ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ಪೊಲೀಸ್ ಪರಿಶೀಲನೆಗೆ ಸಮಯ ಹಿಡಿಯುತ್ತದೆ. ಆಧಾರ್‌, ಅಂಕಪಟ್ಟಿಗಳಲ್ಲಿ ಹೆಸರು ಬೇರೆ ಬೇರೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ. ವೀಸಾ ಕೈಗೆ ಬರುವ ಮುನ್ನ ಹಣ ವಾಪಸ್ ಬಾರದ ವಿಮಾನ ಟಿಕೆಟ್ ಮಾಡಬೇಡಿ.

"ಜಿಬ್ಲಿ ಮ್ಯೂಸಿಯಂಗೆ ನೇರ ಹೋಗಿ ಟಿಕೆಟ್ ತಗೊಳ್ಳಿ"

ತಪ್ಪು ಸಲಹೆ. ಟೋಕಿಯೊದ ಮಿತಾಕಾದಲ್ಲಿರುವ ಜಿಬ್ಲಿ ಮ್ಯೂಸಿಯಂನ ಗೇಟಿನಲ್ಲಿ ಟಿಕೆಟ್ ಮಾರುವುದಿಲ್ಲ. ಪ್ರತಿ ತಿಂಗಳ 10ರಂದು, ಜಪಾನ್ ಸಮಯ ಬೆಳಗ್ಗೆ 10ಕ್ಕೆ, ಮುಂದಿನ ತಿಂಗಳ ಟಿಕೆಟ್ ಆನ್‌ಲೈನಿನಲ್ಲಿ ಬಿಡುತ್ತಾರೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಂದರೆ ನಮ್ಮಲ್ಲಿ ಬೆಳಗಿನ ಜಾವ 6.30. ದೊಡ್ಡವರಿಗೆ 1,000 ಯೆನ್. ಇತ್ತೀಚಿನ ವರ್ಷಗಳಲ್ಲಿ ಒಂದು ಯೆನ್ ಎಂದರೆ ಸುಮಾರು 55ರಿಂದ 60 ಪೈಸೆ, ಹಾಗಾಗಿ 600 ರೂಪಾಯಿ ಒಳಗೆ. ಇದನ್ನು ಹತ್ತು ಪಟ್ಟು ಬೆಲೆಗೆ ಮಾರುವವರು ಸಿಕ್ಕರೆ ಕೊಳ್ಳಬೇಡಿ. ಟಿಕೆಟಿನಲ್ಲಿ ಹೆಸರಿರುತ್ತದೆ, ಮರುಮಾರಾಟ ನಿಷಿದ್ಧ.

ಜಿಬ್ಲಿ ಪಾರ್ಕ್ ಬೇರೆ, ಜಿಬ್ಲಿ ಮ್ಯೂಸಿಯಂ ಬೇರೆ. 2022ರ ನವೆಂಬರ್ 1ರಂದು ತೆರೆದ ಪಾರ್ಕ್ ಇರುವುದು ನಗೋಯಾ ಪಕ್ಕದಲ್ಲಿ. ಟೋಕಿಯೊದಿಂದ ನಗೋಯಾಗೇ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ 40 ನಿಮಿಷ. ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ.

ರೈಲ್ ಪಾಸ್ ಎಲ್ಲರಿಗೂ ಲಾಭವೇ?

"ಜಪಾನ್‌ಗೆ ಹೋದರೆ ರೈಲ್ ಪಾಸ್ ತಗೊಳ್ಳಲೇಬೇಕು" ಎನ್ನುವುದು ಹಳೆಯ ಸಲಹೆ. 2023ರ ಅಕ್ಟೋಬರ್‌ನಲ್ಲಿ 7 ದಿನದ ಸಾಮಾನ್ಯ ಪಾಸ್ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಒಂದು ಬದಿಗೆ ಸುಮಾರು 14,000 ಯೆನ್, ಹೋಗಿ ಬರಲು 28,000. ಅಷ್ಟಕ್ಕೆ ಪಾಸ್ ತೆಗೆದುಕೊಂಡರೆ 22,000 ಯೆನ್ ನಷ್ಟ. ನಮ್ಮ ಲೆಕ್ಕದಲ್ಲಿ 12 ಸಾವಿರ ರೂಪಾಯಿ ಮೇಲೆ. ನಿಮ್ಮ ಊರುಗಳ ಪಟ್ಟಿ ಬರೆದು, ದರ ಕೂಡಿಸಿ, ಆಮೇಲೆ ತೀರ್ಮಾನಿಸಿ.

ನೆಗಡಿ ಮಾತ್ರೆಯೂ ತೊಂದರೆ ತರಬಹುದು

ಹೆಚ್ಚಿನವರು ಗಮನಿಸದ ವಿಷಯ ಇದು. ಸೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗಳನ್ನು ಜಪಾನ್‌ಗೆ ತರುವಂತಿಲ್ಲ. ಕೋಡೀನ್ ಶೇ 1ಕ್ಕಿಂತ ಹೆಚ್ಚಿರುವ ಔಷಧಿಗೆ ಮೊದಲೇ ಅನುಮತಿ ಬೇಕು. ಆಂಫೆಟಮಿನ್ ಇರುವ ಔಷಧಿಗೆ ಡಾಕ್ಟರ್ ಚೀಟಿ ಇದ್ದರೂ ಪ್ರವೇಶವಿಲ್ಲ. 2015ರಲ್ಲಿ ಟೊಯೋಟಾ ಕಂಪನಿಯ ಅಮೆರಿಕದ ಹಿರಿಯ ಅಧಿಕಾರಿಯೊಬ್ಬರನ್ನು ನೋವಿನ ಮಾತ್ರೆ ಪಾರ್ಸೆಲ್ ತರಿಸಿಕೊಂಡದ್ದಕ್ಕೆ ಬಂಧಿಸಿದ್ದರು. ಕೊನೆಗೆ ಮೊಕದ್ದಮೆ ಹೂಡದೆ ಬಿಟ್ಟರು, ಆದರೆ ಅಷ್ಟರಲ್ಲಿ ಅವರು ಹುದ್ದೆ ಬಿಟ್ಟಾಗಿತ್ತು.

ಬಿಪಿ, ಶುಗರ್‌ನಂಥ ನಿತ್ಯದ ಔಷಧಿ ಸಾಮಾನ್ಯವಾಗಿ ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಹೆಚ್ಚು ಬೇಕಿದ್ದರೆ ಜಪಾನ್ ಆರೋಗ್ಯ ಇಲಾಖೆಯಿಂದ 'ಯುನ್ಯು ಕಾಕುನಿನ್‌ಶೊ' ಎಂಬ ಪ್ರಮಾಣಪತ್ರ ಪಡೆಯಬೇಕು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಚ್ಚಿ ಡಬ್ಬಿಗೆ ಹಾಕಬೇಡಿ. ಡಾಕ್ಟರ್ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ. ಭಯಪಟ್ಟು ಅಗತ್ಯದ ಔಷಧಿ ನಿಲ್ಲಿಸುವುದೂ ತಪ್ಪು. ಹೊರಡುವ ತಿಂಗಳ ಮೊದಲೇ ಡಾಕ್ಟರ್ ಜೊತೆ ಮಾತಾಡಿ.

ಊಟದ ಬಗ್ಗೆ ಒಂದು ಮಾತು. "ತರಕಾರಿ ಸೂಪ್ ತಾನೇ" ಎಂದು ಸಸ್ಯಾಹಾರಿಗಳು ಕುಡಿಯುವ ಜಪಾನಿ ಸಾರಿನಲ್ಲಿ ಹೆಚ್ಚಾಗಿ 'ದಾಶಿ' ಇರುತ್ತದೆ. ಅದನ್ನು ಒಣಮೀನಿನ ಚೂರಿನಿಂದ ಮಾಡುತ್ತಾರೆ. ಕೇಳಿ ತಿನ್ನಿ. ಟೋಕಿಯೊದ ನಿಶಿ ಕಸಾಯ್ ಕಡೆ ಭಾರತೀಯರು ಹೆಚ್ಚು, ನಮ್ಮ ಊಟ ಸಿಗುತ್ತದೆ. ಊರಿಂದ ಮಾಂಸದ ಪದಾರ್ಥ, ತಾಜಾ ಹಣ್ಣು ಕಟ್ಟಿಕೊಂಡು ಹೋಗಬೇಡಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಡೆಯುತ್ತಾರೆ.

ಅಲ್ಲಿ ಹೋದ ಮೇಲೆ

ಕಾಮಾಕುರಾ ಬಳಿಯ ರೈಲ್ವೆ ಗೇಟೊಂದು 'ಸ್ಲ್ಯಾಮ್ ಡಂಕ್' ಅನಿಮೆಯಿಂದ ಪ್ರಸಿದ್ಧ. ಫೋಟೊಗಾಗಿ ಜನ ರಸ್ತೆ ಮಧ್ಯೆ ನಿಂತು ಅಲ್ಲಿನವರಿಗೆ ಓಡಾಡುವುದೇ ಕಷ್ಟವಾಗಿದೆ. ಅದು ಸಿನಿಮಾ ಸೆಟ್ ಅಲ್ಲ, ಜನ ವಾಸಿಸುವ ಬೀದಿ. ನಮ್ಮ ಓಣಿಯಲ್ಲಿ ದಿನಾ ನೂರು ಜನ ಬಂದು ಮನೆ ಬಾಗಿಲ ಫೋಟೊ ತೆಗೆದರೆ ನಮಗೆ ಹೇಗನಿಸುತ್ತದೆ ಎಂದು ಯೋಚಿಸಿ ನಡೆದುಕೊಳ್ಳಿ.

ಹಂಚುವ ಮುನ್ನ, ಹಣ ಕಟ್ಟುವ ಮುನ್ನ

- ಮೆಸೇಜಿನಲ್ಲಿ ದಿನಾಂಕ ಇದೆಯೇ? ದರ, ವೀಸಾ ನಿಯಮ, ಪ್ರದರ್ಶನ ಎಲ್ಲ ಬದಲಾಗುತ್ತವೆ.
- ವೀಸಾ ವಿಷಯವನ್ನು ಜಪಾನ್ ರಾಯಭಾರ ಕಚೇರಿ ಅಥವಾ ಬೆಂಗಳೂರಿನ ಜಪಾನ್ ಕಾನ್ಸುಲೇಟ್‌ನ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿ.
- "ಅನಿಮೆ ಟೂರ್, ಕೆಲವೇ ಸೀಟು, ಈಗಲೇ ಯುಪಿಐ ಮಾಡಿ" ಎಂದರೆ ನಿಲ್ಲಿ. ಕಚೇರಿ ವಿಳಾಸ, ಜಿಎಸ್‌ಟಿ ಬಿಲ್, ರದ್ದತಿ ನಿಯಮ ಕೇಳಿ. ಮೋಸವಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.
- ಜಾಗದ ಫೋಟೊ ಬಂದರೆ ಕೇಳಿಕೊಳ್ಳಿ: ದಾಖಲೆಯೋ, ನಂಬಿಕೆಯೋ, ಕಲ್ಪನೆಯೋ?
- ಅನಾಹುತದ ಭವಿಷ್ಯ ದಿನ, ಗಂಟೆ ಸಮೇತ ಬಂದರೆ ಅದನ್ನು ಹಂಚಬೇಡಿ.

ಮಗ ಅಥವಾ ಮಗಳು ಜಪಾನ್‌ಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಹಿರಿಯರು ಹೆದರುವುದು ಸಹಜ. ಅವರಿಗೆ ಸುನಾಮಿಯ ಫಾರ್ವರ್ಡ್ ಕಳಿಸುವ ಬದಲು ಈ ಪಟ್ಟಿ ಕಳಿಸಿ.